ರಿಪೇರಿಯಾದ ಮೇಲೆ ಹಗ್ಗವೇ ಎಳೆಯಲಾಗದಷ್ಟು ಬಿಗಿಯಾದ ಎಂಜಿನ್: ಭಾರ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಪ್ರಶ್ನೆ: ಅಡಿಕೆಗೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪಿಗೆ ಹೋಂಡಾ ಜಿಎಕ್ಸ್160 ಪೆಟ್ರೋಲ್ ಎಂಜಿನ್ ಇದೆ. ಹೊಗೆ ಜಾಸ್ತಿಯಾಗಿ ಎಳೆತ ಕಡಿಮೆಯಾಗಿತ್ತು. ಬೋರ್ ಮಾಡಿಸಿ (ಸವೆದ ಸಿಲಿಂಡರಿನ ತೂತನ್ನು ಕೊರೆಸಿ ದೊಡ್ಡದು ಮಾಡಿಸಿ) 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್, ರಿಂಗ್ ಸೆಟ್, ಕನೆಕ್ಟಿಂಗ್ ರಾಡ್, ಎರಡು ಬೇರಿಂಗ್ ಮತ್ತು ಆಯಿಲ್ ಸೀಲ್ ಹಾಕಿಸಿದೆ. ಈಗ ಹಗ್ಗ ಎಳೆಯಲು ಇಬ್ಬರು ಬೇಕು. ಒಮ್ಮೊಮ್ಮೆ ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೋಗುತ್ತದೆ. ಕಟ್ಟಿಕೊಟ್ಟವರು "ಹೊಸ ರಿಂಗು, ಓಡಿದರೆ ಸಡಿಲ ಆಗುತ್ತೆ" ಎನ್ನುತ್ತಾರೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು. ಹೇಗಾದರೂ ಸ್ಟಾರ್ಟ್ ಮಾಡಿ ಓಡಿಸಬಹುದೇ?

ಉತ್ತರ: ಬೇಡ, ಓಡಿಸಬೇಡಿ. ಹೊಸ ರಿಂಗ್ ಮತ್ತು ಹೊಸ ಸೀಲ್ ಹಾಕಿದ ಎಂಜಿನ್ ಸ್ವಲ್ಪ ಬಿಗಿಯಾಗಿರುವುದು ನಿಜ. ಆದರೆ 163 ಸಿಸಿಯ ಎಂಜಿನ್ನಿನ ಹಗ್ಗಕ್ಕೆ ಇಬ್ಬರು ಬೇಕಾಗುವಷ್ಟು ಬಿಗಿ ರಿಂಗಿನಿಂದ ಮಾತ್ರ ಬರುವುದಿಲ್ಲ. ಈ ಎಂಜಿನ್ನಿನ ಪಿಸ್ಟನ್ನನ್ನು ಕ್ರ್ಯಾಂಕಿಗೆ (ತಿರುಗುವ ಮುಖ್ಯ ಶಾಫ್ಟಿಗೆ) ಜೋಡಿಸುವ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂನದು. ಕ್ರ್ಯಾಂಕಿಗೆ ಸೇರುವ ಅದರ ದೊಡ್ಡ ತುದಿಯಾದ ಬಿಗ್ ಎಂಡ್‌ನಲ್ಲಿ ಬೇರಿಂಗ್ ಶೆಲ್ ಇರುವುದಿಲ್ಲ, ಅಲ್ಯೂಮಿನಿಯಂ ನೇರವಾಗಿ ಕ್ರ್ಯಾಂಕ್ ಪಿನ್ ಮೇಲೆ ಎಣ್ಣೆಯ ತೆಳು ಪದರದಲ್ಲಿ ಓಡುತ್ತದೆ. ಅಲ್ಲಿ ಬಿಗಿ ಇದ್ದಾಗ ಬಲವಂತವಾಗಿ ಓಡಿಸಿದರೆ ಎಣ್ಣೆಗೆ ಜಾಗ ಸಿಗದೆ ಅಲ್ಯೂಮಿನಿಯಂ ಕರಗಿ ಪಿನ್ನಿಗೆ ಅಂಟುತ್ತದೆ, ಆಮೇಲೆ ರಾಡ್ ತುಂಡಾಗಿ ಕ್ರ್ಯಾಂಕ್‌ಕೇಸ್ ಒಡೆದುಕೊಂಡು ಹೊರಗೆ ಬರುತ್ತದೆ. ಬೆಲ್ಟಿಗೆ ಬೇರೆ ಎಂಜಿನ್ ಕಟ್ಟಿ ತಿರುಗಿಸುವುದು, ಡ್ರಿಲ್ ಮೆಷಿನ್ ಹಾಕಿ ಸುತ್ತಿಸುವುದು ಕೂಡ ಇದೇ ತಪ್ಪು.

ಭಾರ ಎಲ್ಲಿಂದ ಬರುತ್ತಿದೆ ಎಂಬುದನ್ನು ಎಂಜಿನ್ ಬಿಚ್ಚುವ ಮೊದಲೇ ಬಹುಪಾಲು ಕಂಡುಹಿಡಿಯಬಹುದು. ಒಂದೊಂದೇ ಭಾಗವನ್ನು ಲೆಕ್ಕದಿಂದ ಹೊರಗಿಟ್ಟು ಪ್ರತಿ ಸಲವೂ ಕೈಯಲ್ಲಿ ತಿರುಗಿಸಿ ನೋಡಬೇಕು, ಅಷ್ಟೇ.

ಮೊದಲು ಬೆಲ್ಟ್ ತೆಗೆಯಿರಿ. ಪಂಪಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಹಿಂದಿನ ವರ್ಷದ ಬೋರ್ಡೋದ ಸುಣ್ಣ, ಮೈಲುತುತ್ತದ ಗಸಿ ಪಂಪಿನ ವಾಲ್ವ್ ಮತ್ತು ಪಿಸ್ಟನ್ನಿನ ಸುತ್ತ ಒಣಗಿ ಕಲ್ಲಾಗಿದ್ದರೆ ಪಂಪೇ ಹಿಡಿದುಕೊಂಡಿರುತ್ತದೆ, ಬೈಯಿಸಿಕೊಳ್ಳುವುದು ಮಾತ್ರ ಎಂಜಿನ್. ಪ್ರೆಶರ್ ಲಿವರ್ ಒತ್ತಡದ ಕಡೆಗೇ ಉಳಿದಿದ್ದರೂ ಭಾರ ಬರುತ್ತದೆ, ಅದನ್ನು ಬೈಪಾಸಿಗೆ ತನ್ನಿ. ಬೆಲ್ಟ್ ತೆಗೆದ ಮೇಲೆ ಹಗ್ಗ ಹಗುರಾದರೆ ಎಂಜಿನ್ ಬಿಚ್ಚುವ ಕೆಲಸವೇ ಇಲ್ಲ.

ಆಮೇಲೆ ಹಗ್ಗದ ಕವರ್, ಅಂದರೆ ರೀಕಾಯಿಲ್ ಸ್ಟಾರ್ಟರನ್ನು ಬಿಚ್ಚಿ ಕೈಯಲ್ಲಿ ಹಿಡಿದು ಹಗ್ಗ ಎಳೆಯಿರಿ. ಸ್ಪ್ರಿಂಗಿನ ಎಳೆತ ಬಿಟ್ಟರೆ ಬೇರೆ ತಡೆ ಇರಬಾರದು. ದಪ್ಪ ಹಗ್ಗ ಹಾಕಿದ್ದರೆ ಅದು ಗಾಲಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದಿನ ಫ್ಯಾನ್ ಕವರನ್ನೂ ಬಿಚ್ಚಿ ಫ್ಲೈವೀಲ್ ನೋಡಿ: ಮ್ಯಾಗ್ನೆಟ್ ಇರುವ ಜಾಗದಲ್ಲಿ ಹೊಳೆಯುವ ಗೀರು ಇದ್ದರೆ ಅದು ಇಗ್ನಿಷನ್ ಕಾಯಿಲಿಗೆ ಉಜ್ಜುತ್ತಿದೆ. ಕಾಯಿಲಿಗೂ ಫ್ಲೈವೀಲಿಗೂ ನಡುವೆ 0.4 ಮಿ.ಮೀ. ಅಂತರ ಬೇಕು, 0.2 ಮಿ.ಮೀ. ಆಚೀಚೆ ಆದರೆ ನಡೆಯುತ್ತದೆ. ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಇಟ್ಟು ಕಾಯಿಲಿನ ಎರಡು ಬೋಲ್ಟ್ ಬಿಗಿ ಮಾಡಿದರೆ ಮುಗಿಯಿತು, ಫ್ಯಾನ್ ಕವರ್ ವಾಪಸ್ ಹಾಕಿ.

ಈಗ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಇರಲಿ, ಪ್ಲಗ್ ಕ್ಯಾಪನ್ನು ತೂತಿನಿಂದ ದೂರ ಇಡಿ, ತೂತಿನ ಮೇಲೆ ಬಟ್ಟೆ ಹಾಕಿ. ಫ್ಲೈವೀಲ್ ನಟ್‌ಗೆ ಸಾಕೆಟ್ ಹಾಕಿ, ಫ್ಲೈವೀಲ್ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ನಿಧಾನವಾಗಿ ತಿರುಗಿಸಿ. ಇದೇ ಎಂಜಿನ್ ಓಡುವ ದಿಕ್ಕು, ನಟ್ ಬಿಗಿಯಾಗುವ ದಿಕ್ಕೂ ಇದೇ. ಎರಡು ಪೂರ್ತಿ ಸುತ್ತು ತಿರುಗಿಸಲೇಬೇಕು, ಏಕೆಂದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದಿರುತ್ತದೆ. ಬಟ್ಟೆಗೆ ಪೆಟ್ರೋಲ್ ಅಥವಾ ಎಣ್ಣೆ ಚಿಮ್ಮಿದರೆ ಉತ್ತರ ಅಲ್ಲೇ ಸಿಕ್ಕಿತು. ದ್ರವವನ್ನು ಅದುಮಲು ಆಗುವುದಿಲ್ಲ, ಹಾಗಾಗಿ ಹಗ್ಗ ಒಂದೇ ಜಾಗದಲ್ಲಿ ಗೋಡೆಗೆ ಗುದ್ದಿದಂತೆ ನಿಲ್ಲುತ್ತದೆ. ಪೆಟ್ರೋಲ್ ಆದರೆ ಕಾರ್ಬುರೇಟರಿಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸೋರುತ್ತಿದೆ, ಪೆಟ್ರೋಲ್ ಕಾಕ್ ತೆರೆದೇ ಇಟ್ಟಿದ್ದೀರಿ. ಎಂಜಿನ್ ಆಯಿಲನ್ನೂ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು ಮಟ್ಟ ಏರಿದ್ದರೆ ಆ ಆಯಿಲ್ ಪೂರ್ತಿ ಬದಲಿಸಬೇಕು. ಎಣ್ಣೆ ಚಿಮ್ಮಿದರೆ ಸಾಗಿಸುವಾಗ ಎಂಜಿನ್ನನ್ನು ಸಿಲಿಂಡರ್ ಕೆಳಗೆ ಬರುವಂತೆ ವಾಲಿಸಿ ಇಟ್ಟಿರಬಹುದು.

ಏನೂ ಚಿಮ್ಮಲಿಲ್ಲ ಎಂದುಕೊಳ್ಳೋಣ. ದಾರಿ ಇಲ್ಲಿ ಎರಡಾಗುತ್ತದೆ. ಪ್ಲಗ್ ಇಲ್ಲದಾಗ ಸಲೀಸಾಗಿ ತಿರುಗಿ ಪ್ಲಗ್ ಹಾಕಿದ ಮೇಲೆ ಮಾತ್ರ ಭಾರವಾದರೆ ತೊಂದರೆ ಕಂಪ್ರೆಷನ್ನಿನ, ಅಂದರೆ ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡದ, ಕಡೆಯದು. ಪ್ಲಗ್ ಇಲ್ಲದೆಯೂ ಭಾರವಾದರೆ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತಿದೆ.

ಕಂಪ್ರೆಷನ್ ಕಡೆಯದನ್ನು ಮೊದಲು ಹೇಳುತ್ತೇನೆ. ರಿಪೇರಿಯಾಗಿ ಬಂದ ಈ ಮಾದರಿಯ ಎಂಜಿನ್‌ಗಳಲ್ಲಿ ಇದು ಸಾಮಾನ್ಯ, ಹೆಚ್ಚಿನ ಸಲ ಬರೀ ಟಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಅಂತರ, ಸರಿಮಾಡಿದರೆ ಹೋಗುತ್ತದೆ. ಜಿಎಕ್ಸ್160ರ ಕ್ಯಾಮ್ ಗೇರಿನ ಮೇಲೆ ಸಣ್ಣ ಸ್ಪ್ರಿಂಗ್ ಹಾಕಿದ ಒಂದು ತೂಕದ ತುಂಡು ಇದೆ, ಅದೇ ಡಿಕಂಪ್ರೆಸರ್. ಎಂಜಿನ್ ನಿಧಾನವಾಗಿ ತಿರುಗುವಾಗ ಇದು ಕಂಪ್ರೆಷನ್ ಹೊಡೆತದಲ್ಲಿ ಎಕ್ಸಾಸ್ಟ್ ವಾಲ್ವನ್ನು ಕೂದಲೆಳೆಯಷ್ಟು ಎತ್ತಿ ಸ್ವಲ್ಪ ಗಾಳಿ ಬಿಡುತ್ತದೆ. ಎಂಜಿನ್ ಓಡಲು ಶುರುವಾದ ಮೇಲೆ ತುಂಡು ವೇಗಕ್ಕೆ ಹೊರಕ್ಕೆ ವಾಲಿ ಸುಮ್ಮನಾಗುತ್ತದೆ, ಪೂರ್ತಿ ಕಂಪ್ರೆಷನ್ ಬರುತ್ತದೆ. ಹಗ್ಗದಲ್ಲಿ ಒಂದೇ ಕೈಯಲ್ಲಿ ಸ್ಟಾರ್ಟ್ ಆಗುವುದು ಇದರಿಂದಲೇ. ಇದು ಕೆಲಸ ಮಾಡದಿದ್ದರೆ ಹೊಸ ರಿಂಗು, ಹೊಸ ಬೋರಿನ ಪೂರ್ತಿ ಕಂಪ್ರೆಷನ್ ನಿಮ್ಮ ಕೈಗೆ ಬರುತ್ತದೆ.

ಇದನ್ನು ಕಣ್ಣಲ್ಲೇ ನೋಡಬಹುದು. ಪ್ಲಗ್ ತೆಗೆದಿರುವಾಗ ವಾಲ್ವ್ ಕವರ್ ಬಿಚ್ಚಿ, ಓಡುವ ದಿಕ್ಕಿನಲ್ಲೇ ನಿಧಾನ ತಿರುಗಿಸಿ. ಇನ್‌ಟೇಕ್ ರಾಕರ್ ಒತ್ತಿ, ಮೇಲೆ ಬಂದು ನಿಂತ ಮೇಲೆ ಪಿಸ್ಟನ್ ಮೇಲಕ್ಕೆ ಬರಲು ಶುರುವಾಗುತ್ತದೆ. ಆಗ ಎಕ್ಸಾಸ್ಟ್ ರಾಕರಿನ ಮೇಲೆ ಕಣ್ಣಿಡಿ. ಅದು ಒಂದು ಸಣ್ಣ ಮಿಡುಕು ಮಿಡುಕಿ ವಾಪಸ್ ಬರಬೇಕು. ಮಿಡುಕಿತು ಎಂದರೆ ಡಿಕಂಪ್ರೆಸರ್ ಸರಿ ಇದೆ. ಹಿಂದಕ್ಕೆ ತಿರುಗಿಸಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಮಿಡುಕದಿದ್ದರೆ ಮೊದಲು ಅನುಮಾನಿಸಬೇಕಾದ್ದು ಎಕ್ಸಾಸ್ಟ್ ಟಾಪೆಟ್ ಗ್ಯಾಪ್. ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 0.15 ಮಿ.ಮೀ., ಎಕ್ಸಾಸ್ಟ್ 0.20 ಮಿ.ಮೀ. ಇರಬೇಕು. ಡಿಕಂಪ್ರೆಸರ್ ಎತ್ತುವುದೇ ಬಹಳ ಕಡಿಮೆ, ಗ್ಯಾಪ್ ದೊಡ್ಡದಾದರೆ ಆ ಎತ್ತುವಿಕೆಯೆಲ್ಲ ಗ್ಯಾಪಿನಲ್ಲೇ ಕಳೆದುಹೋಗುತ್ತದೆ, ವಾಲ್ವ್ ಅಲುಗುವುದೇ ಇಲ್ಲ. ಗ್ಯಾಪ್ ದೊಡ್ಡದಾಗುವುದಕ್ಕೆ ಒಂದು ಖಾಸಾ ಕಾರಣವೂ ಇದೆ. ಪಿಸ್ಟನ್ ಪೂರ್ತಿ ಮೇಲೆ ಬರುವ ಸ್ವಲ್ಪ ಮುಂಚೆಯೇ ನಿಲ್ಲಿಸಿ ಟಾಪೆಟ್ ನೋಡಿದರೆ ಡಿಕಂಪ್ರೆಸರ್ ಎಕ್ಸಾಸ್ಟ್ ವಾಲ್ವನ್ನು ಎತ್ತಿ ಹಿಡಿದಿರುತ್ತದೆ, ಫೀಲರ್ ಗೇಜ್ ಒಳಗೇ ಹೋಗುವುದಿಲ್ಲ. ಕೆಲಸ ಮಾಡುವವರು ಗ್ಯಾಪ್ ಇಲ್ಲವೆಂದುಕೊಂಡು ಸ್ಕ್ರೂ ಸಡಿಲಿಸುತ್ತಾರೆ. ಪಿಸ್ಟನ್ ನಿಜವಾಗಿ ಮೇಲೆ ಬಂದಾಗ ನೋಡಿದರೆ ಗ್ಯಾಪ್ ಎರಡು ಮೂರು ಪಟ್ಟು ಆಗಿರುತ್ತದೆ. ಹಾಗಾಗಿ ಸ್ಟಾರ್ಟರ್ ಪುಲ್ಲಿಯ ಮೇಲಿನ ತ್ರಿಕೋನ ಗುರುತು ಫ್ಯಾನ್ ಕವರಿನ ಮೇಲಿನ ತೂತಿಗೆ ಸರಿಯಾಗಿ ಬರುವಂತೆ ನಿಲ್ಲಿಸಿ, ಎರಡೂ ರಾಕರ್ ಸಡಿಲವಾಗಿ ಅಲ್ಲಾಡುತ್ತವೆಯೇ ನೋಡಿ, ಆಮೇಲೆ ಗ್ಯಾಪ್ ಹಾಕಿ. ಅಲ್ಲಾಡದಿದ್ದರೆ ನೀವು ಎಕ್ಸಾಸ್ಟ್ ಹೊಡೆತದ ಕೊನೆಯಲ್ಲಿದ್ದೀರಿ, ಇನ್ನೊಂದು ಸುತ್ತು ತಿರುಗಿಸಿ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಗ್ಯಾಪ್ ಜರುಗುವುದು ಸಾಮಾನ್ಯ.

ಗ್ಯಾಪ್ ಸರಿಯಿದ್ದೂ ರಾಕರ್ ಮಿಡುಕದಿದ್ದರೆ ಕ್ಯಾಮ್‌ಶಾಫ್ಟ್ ಹೊರಗೆ ತೆಗೆದೇ ನೋಡಬೇಕು. ತೂಕದ ತುಂಡು ಬೆರಳಲ್ಲಿ ಸಲೀಸಾಗಿ ಅಲ್ಲಾಡಿ, ಬಿಟ್ಟ ಕೂಡಲೇ ಸ್ಪ್ರಿಂಗಿಗೆ ವಾಪಸ್ ಬರಬೇಕು. ಜೋಡಿಸುವಾಗ ಸ್ಪ್ರಿಂಗ್ ಕಳಚಿರುತ್ತದೆ, ಅಥವಾ ಕಡಿಮೆ ಬೆಲೆಯ ಬದಲಿ ಕ್ಯಾಮ್‌ಶಾಫ್ಟ್ ಹಾಕಿ ಅದರಲ್ಲಿ ಡಿಕಂಪ್ರೆಸರೇ ಇರುವುದಿಲ್ಲ. ಕ್ಯಾಮ್‌ಶಾಫ್ಟನ್ನು ಒಳಗೆ ಇಡುವಾಗ ಕ್ಯಾಮ್ ಗೇರ್ ಮತ್ತು ಕ್ರ್ಯಾಂಕ್ ಗೇರಿನ ಚುಕ್ಕಿ ಗುರುತುಗಳು ಎದುರುಬದುರಾಗಿ ಕೂಡಬೇಕು. ಒಂದು ಹಲ್ಲು ಜರುಗಿದರೂ ವಾಲ್ವ್ ತೆರೆದು ಮುಚ್ಚುವ ಹೊತ್ತೇ ಕೆಡುತ್ತದೆ.

ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೋಗುವುದು ಬೇರೆಯೇ ಸೂಚನೆ, ಅದನ್ನು ಬಿಗಿಯ ಲೆಕ್ಕಕ್ಕೆ ಸೇರಿಸಬೇಡಿ. ಪ್ಲಗ್ ಹಾಕಿ, ಸ್ವಿಚ್ ಆಫ್ ಮಾಡಿ ಹಗ್ಗ ಎಳೆಯಿರಿ. ಸ್ವಿಚ್ ಆಫ್ ಇದ್ದಾಗ ಕಿತ್ತುಕೊಳ್ಳದೆ ಆನ್ ಮಾಡಿದಾಗ ಮಾತ್ರ ಕಿತ್ತುಕೊಂಡರೆ ಕಿಡಿ ಬೇಗ ಬರುತ್ತಿದೆ: ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಪೆಟ್ರೋಲ್ ಹತ್ತಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಈ ಎಂಜಿನ್ನಿನಲ್ಲಿ ಟೈಮಿಂಗ್ ತಿರುಗಿಸಿ ಹೊಂದಿಸುವ ವ್ಯವಸ್ಥೆ ಇಲ್ಲ, ಫ್ಲೈವೀಲನ್ನು ಶಾಫ್ಟಿನ ಮೇಲೆ ಸರಿಯಾಗಿ ಕೂರಿಸುವ ಕೀಲಿಯೇ ಟೈಮಿಂಗ್. ಆ ಕೀಲಿ ಅರ್ಧ ಕತ್ತರಿಸಿದ್ದರೆ ಅಥವಾ ಅದಿಲ್ಲದೆ ಫ್ಲೈವೀಲ್ ಕೂರಿಸಿದ್ದರೆ ಹೀಗಾಗುತ್ತದೆ. ಪುಲ್ಲರಿನಲ್ಲಿ ಫ್ಲೈವೀಲ್ ತೆಗೆಯಿರಿ, ಶಾಫ್ಟ್ ಮತ್ತು ಫ್ಲೈವೀಲ್ ಒಳಗಿನ ಇಳಿಜಾರನ್ನು (ಟೇಪರ್) ಎಣ್ಣೆಯ ಅಂಶ ಇಲ್ಲದಂತೆ ಒರೆಸಿ, ಹೊಸ ಕೀಲಿ ಹಾಕಿ ನಟ್ಟನ್ನು 75 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಫ್ಲೈವೀಲನ್ನು ಹಿಡಿದಿಡುವುದು ಆ ಇಳಿಜಾರಿನ ಹಿಡಿತ, ಕೀಲಿ ಬರೀ ಜಾಗ ತೋರಿಸುತ್ತದೆ. ನಟ್ ಸಡಿಲ ಇದ್ದರೆ ಹೊಸ ಕೀಲಿಯೂ ಕತ್ತರಿಸುತ್ತದೆ.

ಈಗ ಎರಡನೆಯ ದಾರಿ: ಪ್ಲಗ್ ತೆಗೆದ ಮೇಲೂ ಬಿಗಿ. ಇಲ್ಲಿ ಭಾರ ಯಾವ ಜಾಗದಲ್ಲಿ ಬರುತ್ತದೆ ಎಂದು ಗುರುತು ಮಾಡಿಕೊಳ್ಳಿ, ಫ್ಲೈವೀಲಿನ ಮೇಲೆ ಚಾಕ್‌ನಲ್ಲಿ ಗೆರೆ ಹಾಕಿದರೆ ಸಾಕು. ಎರಡು ಸುತ್ತಿಗೆ ಒಮ್ಮೆ ಬರುವ ಭಾರ ಕ್ಯಾಮ್ ಅಥವಾ ವಾಲ್ವಿನದು. ವಾಲ್ವ್ ಸ್ಪ್ರಿಂಗ್ ಒತ್ತುವಾಗ ಸ್ವಲ್ಪ ತಡೆ ಇರುವುದು ಸಹಜ. ಒಂದು ಸುತ್ತಿಗೆ ಒಮ್ಮೆ ಒಂದೇ ಜಾಗದಲ್ಲಿ ಬರುವುದು ಬಾಗಿದ ಕ್ರ್ಯಾಂಕಿನದೋ ಎಲ್ಲಾದರೂ ತಾಗುತ್ತಿರುವ ರಾಡಿನದೋ. ಒಂದು ಸುತ್ತಿಗೆ ಎರಡು ಸಲ ಬರುವುದು ಪಿಸ್ಟನ್ ಬೋರಿನ ಯಾವುದೋ ಒಂದು ಮಟ್ಟದಲ್ಲಿ, ಹೋಗುವಾಗಲೂ ಬರುವಾಗಲೂ, ಹಿಡಿಯುತ್ತಿರುವುದು. ಸುತ್ತೆಲ್ಲ ಒಂದೇ ಸಮ ಬಿಗಿ ಇದ್ದರೆ ಬಿಗ್ ಎಂಡ್, ಬೇರಿಂಗ್ ಅಥವಾ ಕ್ರ್ಯಾಂಕ್‌ಕೇಸಿನ ಪಕ್ಕ ಮುಚ್ಚುವ ಸೈಡ್ ಕವರ್.

ಸೈಡ್ ಕವರಿನಿಂದ ಶುರು ಮಾಡಿ, ಏಕೆಂದರೆ ಪರೀಕ್ಷೆ ಸುಲಭ. ಆಯಿಲ್ ಇಳಿಸಿ, ಕವರಿನ ಬೋಲ್ಟ್‌ಗಳನ್ನು ಎಲ್ಲ ಕಡೆ ಸಮನಾಗಿ ಒಂದು ಸುತ್ತು ಸಡಿಲಿಸಿ ತಿರುಗಿಸಿ ನೋಡಿ. ತಕ್ಷಣ ಹಗುರಾದರೆ ಕ್ರ್ಯಾಂಕ್ ಅಥವಾ ಕ್ಯಾಮ್‌ಶಾಫ್ಟ್ ಉದ್ದಕ್ಕೆ ಒತ್ತಿಕೊಂಡಿದೆ. ಪ್ಯಾಕಿಂಗ್ ಬದಲು ಬರೀ ಸೀಲಂಟ್ ಬಳಿದು ಕವರ್ ಮುಚ್ಚಿದಾಗ ಹೀಗಾಗುತ್ತದೆ: ಪ್ಯಾಕಿಂಗಿನ ದಪ್ಪವೇ ಕ್ರ್ಯಾಂಕಿಗೆ ಬೇಕಾದ ಆಟದ ಒಂದು ಭಾಗ. ಹೊಸ ಬೇರಿಂಗ್ ತನ್ನ ಗೂಡಿನ ತಳದವರೆಗೆ ಕೂರದೆ ಸ್ವಲ್ಪ ಹೊರಗೇ ಉಳಿದಿದ್ದರೂ ಇದೇ ಲಕ್ಷಣ. ಅಲ್ಯೂಮಿನಿಯಂ ಗೂಡನ್ನು ಬಿಸಿ ಮಾಡಿ, ಬೇರಿಂಗಿನ ಹೊರ ಬಳೆಯನ್ನು ಮಾತ್ರ ಒತ್ತಿ ಕೂರಿಸಬೇಕು. ಒಳ ಬಳೆಗೆ ಸುತ್ತಿಗೆ ಹೊಡೆದರೆ ಗುಂಡುಗಳ ಹಾದಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೇ ಕಟಕಟ ಎನ್ನುತ್ತದೆ. ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರಿನ ಸ್ಲೈಡರ್ ಜಾಗ ತಪ್ಪಿ ಕವರ್ ಮುಚ್ಚುವಾಗ ಸಿಕ್ಕಿಹಾಕಿಕೊಂಡಿದೆಯೇ ಎಂದೂ ನೋಡಿ. ಕವರಿನ ಬೋಲ್ಟ್‌ಗಳನ್ನು ಮೂಲೆಯಿಂದ ಮೂಲೆಗೆ ಎರಡು ಮೂರು ಹಂತದಲ್ಲಿ 24 ನ್ಯೂಟನ್ ಮೀಟರಿಗೆ ಬಿಗಿ ಮಾಡಬೇಕು, ಪ್ರತಿ ಹಂತದಲ್ಲೂ ಒಂದು ಸಲ ತಿರುಗಿಸಿ ನೋಡಬೇಕು. ಯಾವ ಬೋಲ್ಟ್ ಬಿಗಿಯಾದಾಗ ಭಾರ ಬಂತೆಂದು ಆಗ ಕೈಗೇ ತಿಳಿಯುತ್ತದೆ.

ಕವರ್ ಸಡಿಲಿಸಿದರೂ ಬಿಗಿ ಹೋಗದಿದ್ದರೆ ಅನುಮಾನ ರಾಡ್ ಮತ್ತು ಪಿಸ್ಟನ್ ಮೇಲೆ. ಹೆಡ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆಯಬೇಕು. ತೆಗೆಯುವ ಮೊದಲು ಪಿಸ್ಟನ್ ತಲೆಯ ಮೇಲಿನ ತ್ರಿಕೋನ ಗುರುತು ಪುಷ್ ರಾಡ್ ಕಡೆಗೆ ಇದೆಯೇ, ಕ್ಯಾಪಿನ ಎಣ್ಣೆ ಚಿಮ್ಮಿಸುವ ಸೌಟು ಕ್ಯಾಮ್‌ಶಾಫ್ಟ್ ಕಡೆಗೆ ಇದೆಯೇ ನೋಡಿಕೊಳ್ಳಿ. ರಾಡ್ ಮತ್ತು ಅದರ ಕ್ಯಾಪ್ ಒಂದೇ ಜೋಡಿ, ಒಟ್ಟಿಗೇ ಬೋರ್ ಆದವು. ಕ್ಯಾಪನ್ನು ತಿರುಗಿಸಿ ಹಾಕಿದರೆ ಅಥವಾ ಬೇರೆ ರಾಡಿನ ಕ್ಯಾಪ್ ಹಾಕಿದರೆ ತೂತು ದುಂಡಗೆ ಉಳಿಯುವುದಿಲ್ಲ. ಬೋಲ್ಟನ್ನು ಪಾನಾದಲ್ಲಿ ಅಂದಾಜಿಗೆ ಬಿಗಿ ಮಾಡುವುದು ಇನ್ನೊಂದು ತಪ್ಪು. ರಾಡ್ ಬೋಲ್ಟಿಗೆ ಬೇಕಾದ್ದು 12 ನ್ಯೂಟನ್ ಮೀಟರ್ ಮಾತ್ರ. ಹೆಡ್ ಬೋಲ್ಟಿನ ಅರ್ಧ. ಅದಕ್ಕಿಂತ ಹೆಚ್ಚು ಬಿಗಿದರೆ ಅಲ್ಯೂಮಿನಿಯಂ ತೂತು ಅದುಮಿಕೊಂಡು ಪಿನ್ನನ್ನು ಹಿಡಿಯುತ್ತದೆ.

ಪರೀಕ್ಷೆ ಹೀಗೆ: ಪಿಸ್ಟನ್ ಕಳಚಿ ರಾಡ್ ಒಂದನ್ನೇ ಕ್ರ್ಯಾಂಕ್ ಪಿನ್ನಿಗೆ ಎಣ್ಣೆ ಹಚ್ಚಿ ಸರಿಯಾದ ಟಾರ್ಕಿನಲ್ಲಿ ಬಿಗಿ ಮಾಡಿ. ರಾಡನ್ನು ಅಡ್ಡಕ್ಕೆ ಎತ್ತಿ ಕೈಬಿಟ್ಟರೆ ತನ್ನ ತೂಕಕ್ಕೆ ತಾನೇ ಬೀಳಬೇಕು. ನಿಂತಲ್ಲೇ ನಿಂತರೆ ಬಿಗಿ. ಅಳತೆ ಬೇಕಿದ್ದರೆ ಪ್ಲಾಸ್ಟಿಗೇಜ್ (ಅದುಮಿದಾಗ ಆದ ಅಗಲದಿಂದ ಅಂತರ ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ನೋಡಬಹುದು, ಎಣ್ಣೆಯ ಜಾಗ 0.040ರಿಂದ 0.063 ಮಿ.ಮೀ. ಇರಬೇಕು. ಪಿನ್ನಿನ ಮೇಲೆ ಹಳೆಯ ರಾಡಿನ ಅಲ್ಯೂಮಿನಿಯಂ ಅಂಟಿಕೊಂಡಿದ್ದರೆ ಪಿನ್ ದಪ್ಪವಾಗಿ ಹೊಸ ರಾಡೂ ಬಿಗಿಯಾಗುತ್ತದೆ. ನಯವಾದ ಪಿನ್ನಿನ ಮೇಲೆ ಬೂದುಬಣ್ಣದ ಮಬ್ಬು ಪಟ್ಟಿ ಕಂಡರೆ ಅದೇ. ಅದನ್ನು ತೆಗೆಯುವ ಕೆಲಸ ಅನುಭವಿ ಲೇತಿನವರಿಗೆ ಬಿಡಿ.

ಪಿಸ್ಟನ್ನಿನ ಪರೀಕ್ಷೆ ರಿಂಗ್ ಇಲ್ಲದೆ ಮಾಡಬೇಕು. ರಿಂಗ್ ತೆಗೆದ ಪಿಸ್ಟನ್ನಿಗೆ ಎಣ್ಣೆ ಹಚ್ಚಿ ಬೋರಿನಲ್ಲಿ ಬಿಟ್ಟರೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಜಾರಬೇಕು. ಎಲ್ಲಾದರೂ ನಿಂತರೆ ಆ ಮಟ್ಟದಲ್ಲಿ ಬೋರ್ ಚಿಕ್ಕದು ಅಥವಾ ದುಂಡಗಿಲ್ಲ. ಮೂಲ ಬೋರ್ 68.00 ಮಿ.ಮೀ., ನಿಮ್ಮದು 68.25 ಆಗಿರಬೇಕು. ಪಿಸ್ಟನ್ನಿಗೂ ಬೋರಿಗೂ ನಡುವಿನ ಅಂತರ 0.015ರಿಂದ 0.050 ಮಿ.ಮೀ. ಪಿಸ್ಟನ್ನನ್ನು ಅಳೆಯಬೇಕಾದ್ದು ಸ್ಕರ್ಟಿನ ತಳದಿಂದ 10 ಮಿ.ಮೀ. ಮೇಲೆ, ಪಿಸ್ಟನ್ ಪಿನ್ನಿಗೆ ಅಡ್ಡಲಾಗಿ. ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಎರಡೆರಡು ದಿಕ್ಕಿನಲ್ಲಿ ಅಳೆಯಬೇಕು, ಅದೂ ಬೋರ್ ಮಾಡಿದ ಬಿಸಿ ಪೂರ್ತಿ ಆರಿದ ಮೇಲೆ. ಬಿಸಿ ಇರುವಾಗ ಅಳೆದು ಸರಿ ಎಂದಿದ್ದ ಬೋರ್ ಆರಿದಾಗ ಚಿಕ್ಕದಾಗುತ್ತದೆ.

ಇನ್ನು ರಿಂಗು. ಒಂದೊಂದೇ ರಿಂಗನ್ನು ಬೋರಿಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ತಳ್ಳಿ ನೇರ ಕೂರಿಸಿ, ತುದಿಗಳ ನಡುವೆ ಫೀಲರ್ ಗೇಜ್ ಹಾಕಿ. ಕಂಪ್ರೆಷನ್ ರಿಂಗುಗಳಿಗೆ 0.2ರಿಂದ 0.4 ಮಿ.ಮೀ. ಇರಬೇಕು. ಅಂಗಡಿಯಲ್ಲಿ 0.25ರ ಬದಲು 0.50 ರಿಂಗ್ ಸೆಟ್ ಕೊಟ್ಟಿದ್ದರೆ ತುದಿಗಳು ಒಂದಕ್ಕೊಂದು ಗುದ್ದಿ ರಿಂಗ್ ಬೋರನ್ನು ಹಿಡಿಯುತ್ತದೆ, ಬಿಸಿಯಾದಾಗ ಪೂರ್ತಿ ಜಾಮ್. ಎಣ್ಣೆ ರಿಂಗಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅದು ಮೂರು ತುಂಡಿನದು: ಎರಡು ತೆಳು ಬಳೆ, ನಡುವೆ ಸುಕ್ಕುಸುಕ್ಕಾದ ಸ್ಪೇಸರ್. ಸ್ಪೇಸರಿನ ಎರಡು ತುದಿಗಳು ಎದುರೆದುರು ತಾಗಬೇಕು. ಒಂದರ ಮೇಲೊಂದು ಏರಿ ಕೂತರೆ ತೆಳು ಬಳೆಗಳು ಬೋರಿಗೆ ವಿಪರೀತ ಒತ್ತುತ್ತವೆ. ನೋಡಲು ಏನೂ ತಪ್ಪಿಲ್ಲದಂತೆ ಕಾಣುತ್ತದೆ, ಪಿಸ್ಟನ್ ಮಾತ್ರ ಸುತ್ತಿಗೆಯ ಹಿಡಿಯಲ್ಲಿ ಹೊಡೆದರೂ ಇಳಿಯುವುದಿಲ್ಲ. ಎಲ್ಲ ಸರಿ ಹಾಕಿದ ಮೇಲೆ ರಿಂಗುಗಳ ಬಾಯಿಗಳನ್ನು 120 ಡಿಗ್ರಿ ಅಂತರದಲ್ಲಿ ಇಡಿ.

ಹಳೆಯ ಪಿಸ್ಟನ್ ಸಿಕ್ಕಿದರೆ ಅದರ ಮೈ ನೋಡಿ. ಒಂದು ಕಡೆ ಮೇಲ್ಗಡೆ, ಎದುರುಗಡೆ ಕೆಳಗೆ ಹೊಳಪು ಉಜ್ಜಿದ್ದರೆ ಆ ರಾಡ್ ಬಾಗಿ ಪಿಸ್ಟನ್ ವಾರೆಯಾಗಿ ಓಡಿದೆ ಎಂದರ್ಥ. ಈಗ ರಾಡ್ ಹೊಸದು, ಆದರೆ ಅಂಥ ಎಳೆತಕ್ಕೆ ಸಿಕ್ಕ ಕ್ರ್ಯಾಂಕನ್ನು ಲೇತಿನ ಎರಡು ಸೆಂಟರ್ ನಡುವೆ ಇಟ್ಟು ಡಯಲ್ ಗೇಜಿನಲ್ಲಿ ನೋಡಿಸದೆ ಮತ್ತೆ ಹಾಕಬೇಡಿ.

ತಿರುಗಿಸುವಾಗ ಕೈಗೆ ಮರಳು ಸಿಕ್ಕಿದಂತೆ ಗರಗರ ಅನಿಸಿದರೆ ಅದು ಬೋರ್ ನಯ ಮಾಡುವ ಹೋನಿಂಗ್ ಕಲ್ಲಿನ ಪುಡಿ ಅಥವಾ ವಾಲ್ವ್ ಲ್ಯಾಪಿಂಗ್ ಪೇಸ್ಟ್. ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಬಿಸಿನೀರು, ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದುಬಣ್ಣ ಬರದಷ್ಟು ಸ್ವಚ್ಛ ಮಾಡಿ, ಒಣಗಿದ ಕೂಡಲೇ ಎಣ್ಣೆ ಹಚ್ಚಿ. ಪುಡಿ ಉಳಿದರೆ ನೀವು ಕೊಟ್ಟ ಬೋರಿನ ದುಡ್ಡು ಒಂದೇ ಸೀಸನ್ನಿಗೆ ಸವೆದು ಹೋಗುತ್ತದೆ.

ಮತ್ತೆ ಜೋಡಿಸುವಾಗ ಒಂದೊಂದೇ ಭಾಗ ಸೇರಿಸಿ ಪ್ರತಿ ಸಲ ತಿರುಗಿಸಿ ನೋಡಿ: ಮೊದಲು ಕ್ರ್ಯಾಂಕ್ ಮತ್ತು ಕವರ್ ಮಾತ್ರ, ಆಮೇಲೆ ಕ್ಯಾಮ್, ಆಮೇಲೆ ರಾಡ್, ಕೊನೆಗೆ ರಿಂಗ್ ಹಾಕಿದ ಪಿಸ್ಟನ್. ಪ್ರತಿ ಸಲ ಕವರ್ ಹಾಕಿ ತೆಗೆಯುವುದು ಬೇಸರದ ಕೆಲಸ, ಆದರೆ ರಿಪೇರಿ ಮಾಡುವವರ ಬಳಿ ಇದನ್ನು ಒತ್ತಾಯಿಸಿ ಕೇಳಿ. ಭಾರ ಯಾವ ಹಂತದಲ್ಲಿ ಬಂತೋ ತಪ್ಪು ಅಲ್ಲೇ. ಸೀಲುಗಳ ತುಟಿಗೆ ಗ್ರೀಸ್ ಹಚ್ಚಿ, ಒಣ ಸೀಲ್ ಶಾಫ್ಟನ್ನು ಹಿಡಿಯುತ್ತದೆ, ಬೇಗ ಸುಟ್ಟೂ ಹೋಗುತ್ತದೆ. ಹೆಡ್ ಬೋಲ್ಟ್ 24 ನ್ಯೂಟನ್ ಮೀಟರ್, ಅಡ್ಡಡ್ಡ ಕ್ರಮದಲ್ಲಿ.

ಬೋರ್ಡೋ ಹೊಡೆಯುವ ಹೊತ್ತು ಮೀರುತ್ತಿದೆ ಎಂಬುದು ಅರ್ಥವಾಗುತ್ತದೆ. ಹೆಚ್ಚಿನವರಿಗೆ ಬೆಲ್ಟ್, ಟಾಪೆಟ್, ಕೀಲಿಯ ಪರೀಕ್ಷೆ ಅರ್ಧ ದಿನದಲ್ಲಿ ಮುಗಿಯುತ್ತದೆ, ನಿಮ್ಮ ಎರಡು ಲಕ್ಷಣಗಳಿಗೆ ಅಲ್ಲೇ ಉತ್ತರ ಸಿಗುವ ಸಾಧ್ಯತೆಯೂ ಹೆಚ್ಚು. ಪ್ಲಗ್ ಇಲ್ಲದೆಯೂ ಬಿಗಿ ಎಂದಾದರೆ ಮಾತ್ರ ಈ ಸಲದ ಔಷಧಿಗೆ ಬಾಡಿಗೆ ಸೆಟ್ ತಂದುಕೊಳ್ಳಿ, ಈ ಎಂಜಿನ್ನನ್ನು ಅವಸರದಲ್ಲಿ ತೋಟಕ್ಕೆ ಒಯ್ಯಬೇಡಿ.

ಸ್ಟಾರ್ಟ್ ಮಾಡುವ ದಿನ ಎಂಜಿನ್ ಸಮತಟ್ಟಾಗಿ ಇಟ್ಟು 10ಡಬ್ಲ್ಯೂ-30 ಆಯಿಲ್ ಸುಮಾರು 600 ಮಿ.ಲೀ. ಹಾಕಿ. ಸ್ವಿಚ್ ಆಫ್ ಇಟ್ಟು ಹತ್ತಾರು ಸಲ ಹಗ್ಗ ಎಳೆದು ಎಣ್ಣೆ ಒಳಗೆಲ್ಲ ಚಿಮ್ಮಲು ಬಿಡಿ. ಈ ಎಂಜಿನ್ನಿನಲ್ಲಿ ಎಣ್ಣೆ ಪಂಪ್ ಇಲ್ಲ, ಸೌಟು ಚಿಮ್ಮಿಸಿದ್ದೇ ಎಲ್ಲ ಕಡೆಗೂ ಹೋಗಬೇಕು. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಖಾಲಿ ಓಡಿಸಬೇಡಿ, ಹೊಸ ರಿಂಗ್ ಬೋರಿಗೆ ಕೂರಲು ಸ್ವಲ್ಪ ಲೋಡ್ ಬೇಕು. ಮೊದಲ ಕೆಲವು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಅರ್ಧ ಒತ್ತಡದಲ್ಲಿ, ಥ್ರಾಟಲ್ ಏರಿಸುತ್ತ ಇಳಿಸುತ್ತ ಓಡಿಸಿ. ಐದು ಗಂಟೆಗೆ ಮೊದಲ ಆಯಿಲ್ ಬಿಸಿ ಇರುವಾಗಲೇ ಇಳಿಸಿ, ಬಿಳಿ ಡಬ್ಬಿಗೆ ಹಿಡಿದು ಬಿಸಿಲಿನಲ್ಲಿ ನೋಡಿ. ಬೆಳ್ಳಿಯ ಹೊಳಪಿನ ಸಣ್ಣ ಪುಡಿ ಸ್ವಲ್ಪ ಇದ್ದರೆ ಚಿಂತೆ ಇಲ್ಲ. ಕಣ್ಣಿಗೆ ಕಾಣುವ ಚೂರುಗಳಿದ್ದರೆ ಮತ್ತೆ ಸ್ಟಾರ್ಟ್ ಮಾಡದೆ ರಾಡ್ ಬಿಚ್ಚಿಸಿ ನೋಡಿ.